ತಾಳೆಗರಿ ಬಿದ್ದ ಗಾಜು

ನಿನ್ನೆ ಚನ್ನಪಟ್ಟಣದಲ್ಲಿ ಬಸ್ಸಿಳಿದೊಡನೆ ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ರಾಜಣ್ಣ ಚಿಕ್ಕಪ್ಪನೇ ಎದುರಿಗೆ ಬಂದ ಹಾಗೆ.

ಚಿಕ್ಕಪ್ಪ ಗೊಂಬೆ ಮಾಡುವವರು. ಲೇತಿನಲ್ಲಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗು ಹಚ್ಚಿ, ತಾಳೆಗರಿ ಒತ್ತಿ ಹಿಡಿದು ಮಿರುಗು ಬರಿಸದೆ ಒಂದು ಬುಗುರಿಯನ್ನೂ ಹೊರಗೆ ಬಿಟ್ಟವರಲ್ಲ. ಮಂಕಾದದ್ದು ಕಂಡರೆ ಅವರ ಕೈ ಸುಮ್ಮನಿರದು. ನಮ್ಮ ಮನೆಯ ಸ್ಟೀಲ್ ತಟ್ಟೆಗೂ ಒಮ್ಮೆ ಗರಿ ಬಿದ್ದದ್ದುಂಟು.

ನಾನೂ ಬಣ್ಣದವಳೇ ಅನ್ನಿ. ನನ್ನದು ಬಿಸಿಲಿನಿಂದ ಕರೆಂಟ್ ಮಾಡುವ ಬಣ್ಣ. ಗಾಜಿನ ಮೇಲೊಂದು ಬಿಳಿ ಲೇಪ, ಅದಕ್ಕೆ ಅಂಟಿದ ಬಣ್ಣದ ಅಣುಗಳು. ಅಣು ಲೇಪವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಕರೆಂಟು ಹುಟ್ಟುತ್ತದೆ. ಆ ಹಿಡಿತವನ್ನು ನೋಡಲು ಎಕ್ಸ್-ರೇ ಬೇಕು. ಆಸ್ಪತ್ರೆಯದಲ್ಲ, ದೂರದ ಊರಿನಲ್ಲಿರುವ, ಒಂದು ಕೇರಿಯಷ್ಟು ದೊಡ್ಡ ಯಂತ್ರದ್ದು. ಅಲ್ಲಿ ಪಾಳಿ ಸಿಗಲೆಂದು ವರ್ಷವಿಡೀ ಕಾದಿದ್ದೆ. ಅದು ಕೈತಪ್ಪಿದರೆ ನನ್ನ ಪಿಎಚ್‌ಡಿ ಮತ್ತೆ ಮುಂದಕ್ಕೆ.

ಹೊರಡುವ ದಿನ ನನ್ನನ್ನು ಕಳಿಸಿಕೊಡಲು ಚಿಕ್ಕಪ್ಪ ನಮ್ಮ ಮನೆಗೆ ಬಂದಿದ್ದರು. ಆ ಯಂತ್ರಕ್ಕೆ ಒಯ್ಯಬೇಕಿದ್ದ ಗಾಜುಗಳನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಚಿಕ್ಕಪ್ಪ ಕೊನೆಯ ಗಾಜನ್ನು ಬೆಳಕಿಗೆ ಹಿಡಿದು ನಗುತ್ತಿದ್ದರು. ಕೈಯಲ್ಲಿ ತಾಳೆಗರಿ!

“ಮಂಕಾಗಿದ್ವು ಕಣವ್ವ, ಒಸಿ ತಿಕ್ಬುಟ್ಟೆ. ದೊಡ್ಡೋರ ಮುಂದೆ ಹಂಗೇ ಇಕ್ಕಕಾಯ್ತದಾ?”

ಬಣ್ಣವೆಲ್ಲ ತೆಳ್ಳಗಾಗಿತ್ತು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ವಿಷಯ ತಿಳಿದು ಅವರ ಮುಖವೂ ಬಿಳಿಚಿತು. ಹೊಸದು ಮಾಡಲು ಹೊತ್ತಿರಲಿಲ್ಲ. ಅವನ್ನೇ ಕಟ್ಟಿಕೊಂಡು ರೈಲು ಹತ್ತಿದೆ.

ಯಂತ್ರದ ಪರದೆಯಲ್ಲಿ ಗೆರೆ ಮೂಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಮೇಲೆ ಸುಮ್ಮನೆ ಗುಡ್ಡೆ ಬಿದ್ದು ಹಿಡಿತವನ್ನು ಮರೆಮಾಡುತ್ತಿದ್ದ ಬಣ್ಣ ಗರಿಯೊಂದಿಗೆ ಹೋಗಿತ್ತು. ಲೇಪವನ್ನು ಕಚ್ಚಿ ಹಿಡಿದಿದ್ದ ಅಣುಗಳಷ್ಟೇ ಉಳಿದು, ತಮ್ಮ ಹಿಡಿತದ ಗುರುತನ್ನು ಸ್ಪಷ್ಟವಾಗಿ ಕೊಟ್ಟಿದ್ದವು. ಗಾಢ ಬಣ್ಣದ ಆಸೆಗೆ ಗುಡ್ಡೆ ಹಾಕುತ್ತಿದ್ದವಳು ನಾನೇ. ಗೊಂಬೆಯವರ ಮನೆಯ ಬುದ್ಧಿ ಎಲ್ಲಿ ಹೋದೀತು! ಪಿಎಚ್‌ಡಿಯಲ್ಲಿ ತಾಳೆಗರಿ ಎಂದು ಬರೆದರೆ ಗೈಡ್ ಒಪ್ಪುತ್ತಾರೆಯೇ? ಆಮೇಲೆ ಹೊಸ ಗಾಜುಗಳನ್ನು ಗರಿಯ ಬದಲು ಮದ್ಯಸಾರದಲ್ಲಿ ತೊಳೆದು, ಅದೇ ಫಲ ಬರುವುದನ್ನು ತೋರಿಸಿದೆ.

ನಿನ್ನೆ ಅಂಥ ನಾಲ್ಕಾರು ಗಾಜುಗಳನ್ನು ಜೋಡಿಸಿ ಚಿಕ್ಕಪ್ಪನ ಅಂಗಳದ ಬಿಸಿಲಿಗಿಟ್ಟೆ. ಅವಕ್ಕೆ ತಂತಿಯಿಂದ ಕಟ್ಟಿದ್ದ ಪುಟ್ಟದೊಂದು ಫ್ಯಾನು ತಿರುಗತೊಡಗಿತು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರವೇ ನಿಂತಿದ್ದರು. ಆವತ್ತಿನಿಂದ ನನ್ನ ಯಾವ ವಸ್ತುವನ್ನೂ ಅವರು ಮುಟ್ಟಿರಲಿಲ್ಲ.

“ಮುಟ್ಟಿ ಚಿಕ್ಕಪ್ಪ” ಎಂದು ನಾನೇ ಅವರ ಕೈ ಎಳೆದು ಗಾಜಿನ ಮೇಲಿಟ್ಟೆ. ನೆರಳು ಬಿದ್ದು ಫ್ಯಾನು ನಿಂತಿತು. ಅವರು ಬೆಚ್ಚಿ ಕೈ ಕಿತ್ತುಕೊಂಡರು. ಫ್ಯಾನು ಮತ್ತೆ ತಿರುಗಿತು.

ಇನ್ನೊಮ್ಮೆ ತಾವೇ ಕೈಯಿಟ್ಟು, ತೆಗೆದು ನೋಡಿದರು.

“ಕೆಟ್ಟಿಲ್ಲ ಕಣವ್ವ!” ಎಂದರು.