ಅಮಾವಾಸ್ಯೆಯ ಜೋಡಿ ಚೀಟಿ

2007ರಲ್ಲಿ ಗಾದಿಗನೂರು ಬಳಿಯ ಉಜ್ಜಿನಪ್ಪನವರ ವೇಬ್ರಿಡ್ಜ್‌ನಲ್ಲಿ ಅದಿರಿನ ಲಾರಿಗಳಿಗೆ ತೂಕದ ಚೀಟಿ ಕೊಡುತ್ತಿದ್ದವಳು ಮರಿಯಮ್ಮನಹಳ್ಳಿಯ ಕೊಟ್ರಬಸಮ್ಮ. ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲಿನ ಕೆಂಧೂಳನ್ನು ಗಂಟೆಗೊಮ್ಮೆ ಸೆರಗಿನಿಂದ ಒರೆಸುವಳು. ಚಾಲಕರು ಹಾರ್ನ್ ಹೊಡೆದರೆ ತಲೆ ಎತ್ತುತ್ತಿರಲಿಲ್ಲ. ಬೈದರೆ ಮಾತ್ರ ಎತ್ತಿ, ಎರಡು ಪಟ್ಟು ಬೈಯುತ್ತಿದ್ದಳು.

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನನ್ನು ಉಜ್ಜಿನಪ್ಪನವರು ಕರೆಸಿದ್ದು ವೈರಸ್ ಕಾಟಕ್ಕೆ. ನಾನು ಮಹಾ ಬುದ್ಧಿವಂತ! ಕೊಟ್ರಬಸಮ್ಮ ಕೂರುವ ಕಿಟಕಿಯದು, ಒಳಕೋಣೆಯದು, ಎರಡೂ ಕಂಪ್ಯೂಟರುಗಳ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದೆ. ಚೀಟಿಯ ಪ್ರೋಗ್ರಾಂ ವಿಂಡೋಸಿಗಾಗಿ ಮಾಡಿದ್ದು. ಅದು ಲಿನಕ್ಸಿನಲ್ಲೂ ಓಡಲೆಂದು ನಡುವೆ ಒಂದು ದುಭಾಷಿ ತಂತ್ರಾಂಶ ಕೂರಿಸಿದೆ. ಕೆಲಸ ಮೊದಲಿಗಿಂತ ಜಲ್ದಿ ಆಗುತ್ತಿದೆ ಎಂದು ಎಲ್ಲರೂ ಹೊಗಳಿದರು. ನಾನೂ ಬೀಗಿದೆ.

ಎರಡು ತಿಂಗಳಲ್ಲಿ ಎರಡು ಸಲ, ಒಂದೇ ನಂಬರಿನ ಜೋಡಿ ಚೀಟಿಗಳು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದವು. ಒಂದು ನಂಬರಿಗೆ ಎರಡು ಲಾರಿ ಎಂದರೆ ಕಳ್ಳ ಅದಿರು ಎಂದೇ ಅರ್ಥ. ಉಜ್ಜಿನಪ್ಪನವರು ಚಾಲಕರ ಎದುರೇ ಕೊಟ್ರಬಸಮ್ಮನ ಮೇಲೆ ಕೂಗಾಡಿದರು:

"ಯಾವ ಲಾರಿಯೋರ ಕೂಡ ಶಾಮೀಲಾಗಿದಿ? ಉಂಡ ಮನಿಗೆ ಎರಡು ಬಗೀತೀಯೇನ್, ಕಳ್ಳಿ! ಒಂದು ವಾರದಾಗ ಇದು ಹೆಂಗಾತಂತ ತೋರ್ಸು, ಇಲ್ಲಾಂದ್ರ ಮನಿಗೆ ನಡಿ."

ನಾನು ಮೂರು ದಿನ ಹುಡುಕಿದೆ. ಕೇಬಲ್ ಬದಲಿಸಿದೆ, ಪ್ರೋಗ್ರಾಂ ಮತ್ತೆ ಹಾಕಿದೆ. ಕಿಟಕಿಯ ಕಂಪ್ಯೂಟರಿನಲ್ಲಿ ಒಬ್ಬನೇ ಕೂತು ನೂರು ಚೀಟಿ ತೆಗೆದೆ; ಒಂದೂ ತಪ್ಪಲಿಲ್ಲ. ತಲೆಬುಡ ತಿಳಿಯಲಿಲ್ಲ. ಈಕೆಯೇ ಮಾಡಿರಬಹುದೇ ಎಂದು ಒಂದು ಗಳಿಗೆ ಅನಿಸಿತು. ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಆಕೆ ಆ ಚೀಟಿಗಳ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದಳು.

"ವೀರೇಶಣ್ಣ, ಎರಡೂ ಸಲ ಅಮಾಸಿ ಐತ್ ನೋಡ್ರಿ. ಮೊದ್ಲು ಅಮಾಸಿ ದಿನ ನನ್ನ ಕಂಪ್ಯೂಟರ್ ವೇಟ್, ತಡೀರಿ ಅಂತ ಬಂದು ನಿಂದರತಿತ್ತು. ನೀವು ಬದಲ್ ಮಾಡಿದ ಮ್ಯಾಲ ಒಮ್ಮೀನೂ ನಿಂತಿಲ್ಲ."

"ಛಲೋನ ಆತಲ್ಲವ್ವ?"

"ಯಾಕ್ ನಿಂದರತಿತ್ತು, ಅದನ್ನ ಹೇಳ್ರಿ ಮೊದ್ಲು."

ಅಮಾವಾಸ್ಯೆಯ ದಿನ ಪೂಜೆಯಾಗಿ ಕಾಯಿ ಒಡೆದ ಮೇಲೆ ಐದು ಚೀಟಿ ಯಜಮಾನರ ಕೈಯಿಂದಲೇ ಆಗಬೇಕು. ಅವರು, ಉಳಿದ ದಿನ ಯಾರೂ ಚೀಟಿ ಮಾಡದ ಒಳಗಿನ ಕಂಪ್ಯೂಟರಿನಲ್ಲಿ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತುವರು. ಲಾರಿ ಸಾಲು ಬೆಳೆಯಬಾರದೆಂದು ಈಕೆ ಮುಂದಿನ ಲಾರಿಗೆ ಕಿಟಕಿಯಲ್ಲೂ ಚೀಟಿ ಮಾಡುತ್ತಿದ್ದಳು. ಇಬ್ಬರಿಗೂ ನಂಬರು ಸಿಗುವುದು ಒಂದೇ ಫೈಲಿನಿಂದ. ಬಚ್ಚಲಿಗೆ ಹೋದವರು ಒಳಚಿಲಕ ಹಾಕಿಕೊಳ್ಳುವ ಹಾಗೆ, ಒಬ್ಬರ ಚೀಟಿ ಮುಗಿಯುವ ತನಕ ಪ್ರೋಗ್ರಾಂ ಆ ಫೈಲಿಗೆ ಚಿಲಕ ಹಾಕಿ ಇನ್ನೊಬ್ಬರನ್ನು ಕಾಯಿಸುತ್ತಿತ್ತು. ಈಗ ಹೊಳೆಯಿತು: ನಾನು ತಂದು ಕೂರಿಸಿದ ದುಭಾಷಿ ಆ ಚಿಲಕದ ಸುದ್ದಿಯನ್ನು ಪಕ್ಕದ ಕಂಪ್ಯೂಟರಿಗೆ ಮುಟ್ಟಿಸುತ್ತಲೇ ಇರಲಿಲ್ಲ. ಇಬ್ಬರೂ ಕಾಯದೆ ಒಂದೇ ನಂಬರು ಎತ್ತಿಕೊಂಡಿದ್ದರು; ಎಲ್ಲರೂ ಹೊಗಳಿದ ವೇಗ ಬಂದದ್ದು ಹೀಗೆ.

ಉಜ್ಜಿನಪ್ಪನವರನ್ನು ಒಳಗೆ, ಆಕೆಯನ್ನು ಕಿಟಕಿಯಲ್ಲಿ ಕೂರಿಸಿ ಒಟ್ಟಿಗೆ ಚೀಟಿ ತೆಗೆಸಿದೆ. ಎರಡರಲ್ಲೂ ಒಂದೇ ನಂಬರು! ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಆತು ಬಿಡವ್ವ. ಕೆಲಸಕ್ಕ ಕುಂದ್ರು."

ಆಕೆ ಕೂರಲಿಲ್ಲ. "ಸಾವ್ಕಾರ್ರ, ನಾಲ್ಕು ಮಂದಿ ಮುಂದ ಕಳ್ಳಿ ಅಂದ್ರಿ. ಈಗ ಒಳಗ ಆತು ಬಿಡು ಅಂದ್ರ ಹೆಂಗ?"

ಉಜ್ಜಿನಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. "ಆ ಚೀಟಿ ನನ್ನ ಕೈಯಾಗ ಆಗಿದ್ದು, ಕೇಳ್ರಪ. ಆಕಿದೇನೂ ತಪ್ಪಿಲ್ಲ," ಎಂದು ಚಾಲಕರಿಗೆ ಹೇಳಿದ್ದು ಕಿಟಕಿಯಲ್ಲಿ ಕೇಳಿಸಿತು. ಕೊಟ್ರಬಸಮ್ಮ ಮುಖಕ್ಕೆ ಸೆರಗು ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ತಪ್ಪು ಯಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನೂ ಎದ್ದು ಹೊರಗೆ, ಚಾಲಕರ ಎದುರಿಗೆ ಹೋದೆ.