ವಂದನಾರ್ಪಣೆ ಇಲ್ಲದ ಧರಣಿ

ನನಗೊಂದು ಕಾಯಿಲೆಯಿದೆ. ಮೈಕು ಕೈಗೆ ಸಿಕ್ಕರೆ ಸಾಕು, ಕಣ್ಣಿಗೆ ಬಿದ್ದವರನ್ನೆಲ್ಲ ವೇದಿಕೆಗೆ ಕರೆದುಬಿಡುತ್ತೇನೆ. ಹಾಸನದಿಂದ ಅರಕಲಗೂಡಿನವರೆಗೆ ನಾನು ನಿರೂಪಿಸದ ಸಮಾರಂಭವಿಲ್ಲ. ಮನೆಯಲ್ಲಿ ಕಾಫಿ ಕೇಳುವಾಗಲೂ ‘ಈಗ...’ ಎಂದೇ ಶುರುಮಾಡುತ್ತೇನೆಂದು ನನ್ನಾಕೆಯ ದೂರು.

ಹೋದ ವರ್ಷ ನಮ್ಮ ತಾಲ್ಲೂಕಿನ ಕಲಾಭವನದ ತಾಲೀಮು ಕೋಣೆಯನ್ನು ಮದುವೆ ಪಾರ್ಟಿಗಳ ಅಡುಗೆಮನೆ ಮಾಡುತ್ತಾರೆಂಬ ಸುದ್ದಿ ಬಂತು. ಪೌರಾಣಿಕ ನಾಟಕದವರಿಗೆ ಇದ್ದದ್ದು ಅದೊಂದೇ ಜಾಗ. ಬಾಗೂರಿನ ಜವರಪ್ಪ ಎಷ್ಟೋ ವರ್ಷ ಈಟಿ ಹಿಡಿದು ಬಾಗಿಲು ಕಾಯುವ ಪಾತ್ರ ಮಾಡಿ, ಆಗತಾನೇ ರಾಜಪಾರ್ಟು ಗಿಟ್ಟಿಸಿದ್ದ. ಹಾಡಿನ್ನೂ ಶ್ರುತಿಗೆ ಕೂತಿರಲಿಲ್ಲ. ಕೋಣೆ ಹೋದರೆ ಅವನ ಪಟ್ಟವೂ ಹೋದಂತೆಯೇ. ಸರಿ, ಧರಣಿ ಕೂರೋಣ ಎಂದೆವು.

ಆದರೆ ಕಲಾವಿದರ ಧರಣಿ ನೋಡಬೇಕು! ಭವನದ ಮುಂದೆ ಶಾಮಿಯಾನ, ದೀಪ, ಪ್ರಾರ್ಥನೆ, ಸ್ವಾಗತ ಭಾಷಣ. ಹೊಯ್ಸಳರ ಕಾಲದ ಶಿಲ್ಪಿಗಳು ಎಂದಾದರೂ ಮುಷ್ಕರ ಹೂಡಿದ್ದರೇ ಎಂದು ಕೊರವಂಗಲದ ಗುಡಿಯೆದುರು ನಿಂತು ಯೋಚಿಸಿದ್ದೇನೆ. ಹೂಡಿದ್ದರೆ, ಮೊದಲು ಒಂದು ಗಣಪತಿ ಕೆತ್ತಿಯೇ ಹೂಡಿರುತ್ತಾರೆ. ನಾವೂ ಅದೇ ಪೈಕಿ.

ಘೋಷಣೆ ಕೂಗುವ ಹೊತ್ತಿಗೆ ಸರಿಯಾಗಿ ಕಲಾಭವನದ ಅಧ್ಯಕ್ಷರೇ ಬಂದರು. ಮೈಕು ನನ್ನ ಕೈಯಲ್ಲಿತ್ತು. ‘ಮಾನ್ಯ ಅಧ್ಯಕ್ಷರು ವೇದಿಕೆಯನ್ನು ಅಲಂಕರಿಸಬೇಕು’ ಎಂದುಬಿಟ್ಟೆ. ಯಾರೋ ಶಾಲು ಹೊದಿಸಿದರು, ಯಾರೋ ಪೇಟ ಇಟ್ಟರು. ಅವರು ಕಲೆಯ ಮಹತ್ವ ಕುರಿತು ಸೊಗಸಾಗಿ ಮಾತಾಡಿದರು, ನಾವು ಚಪ್ಪಾಳೆ ತಟ್ಟಿದೆವು. ಕೋಣೆಯ ಮಾತೇ ಬರಲಿಲ್ಲ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಆದರೂ ಪದ್ಧತಿಯಂತೆ ವಂದನಾರ್ಪಣೆಗೆ ಬಾಯಿ ತೆರೆದೆ.

ಜವರಪ್ಪ ಬಂದು ಮೈಕಿಗೆ ಅಂಗೈ ಅಡ್ಡ ಹಿಡಿದ.

“ವಂದನಾರ್ಪಣೆ ಮಾಡ್ಬ್ಯಾಡಿ ಸಾ. ಅದಾಗೋ ಗಂಟ ದೊಡ್ಡೋರು ಏಳಂಗಿಲ್ಲ, ಅಲ್ವಾ?”

ಅಧ್ಯಕ್ಷರು ನಕ್ಕರು. “ನಂಗಿನ್ನೊಂದು ಮೀಟಿಂಗ್ ಐತೆ ಕಣಪ್ಪಾ.”

“ಓಗಿ ಸಾ, ಯಾರು ಬ್ಯಾಡ ಅಂದೋರು? ಶಾಲು ಒದ್ಕಂಡು ಅರ್ಧಕ್ಕೇ ಎದ್ದೋದ್ರು ಅಂತಾರೆ, ಅಷ್ಟೇಯ.”

ಏಳಲು ಅವರಿಂದಾಗಲಿಲ್ಲ. ಅವರೂ ಸಮಾರಂಭಗಳಲ್ಲೇ ತಲೆ ಹಣ್ಣಾದವರು. ಬಿಸಿಲು ಶಾಮಿಯಾನದೊಳಕ್ಕೆ ಬಂತು, ಪೇಟದಡಿಯಿಂದ ಬೆವರಿಳಿಯಿತು. ಜವರಪ್ಪ ಹಾರ್ಮೋನಿಯಂ ತರಿಸಿ, ರಾಜಪಾರ್ಟಿನ ಹಾಡುಗಳನ್ನು ಅಪಸ್ವರದಲ್ಲೇ ಎತ್ತಿಕೊಂಡ. ಮೂರನೆಯ ಹಾಡಿಗೆ ಅಧ್ಯಕ್ಷರು ಕೈಯೆತ್ತಿದರು.

“ಅಡುಗೆಮನೆ ಬ್ಯಾರೆ ಕಡೆ ಮಾಡ್ತೀವಿ. ಕೋಣೆ ನಿಮಗೇ ಇರ್ಲಿ. ಮೊದ್ಲು ಅಲ್ಲಿ ಕೂತು ಶ್ರುತಿ ಕಲಿಯಪ್ಪಾ!”

ಜವರಪ್ಪ ಕಣ್ಣೊರೆಸಿಕೊಂಡು ಮೈಕನ್ನು ನನಗೆ ಬಿಟ್ಟುಕೊಟ್ಟ. ನಾನು ಎದ್ದು ನಿಂತೆ. ಸಾವಿರ ಸಭೆಗಳಲ್ಲಿ ವಂದಿಸಿದವನು, ಯಾರಿಗೆ ಏತಕ್ಕೆ ವಂದಿಸುತ್ತಿದ್ದೇನೆಂದು ತಿಳಿದು ವಂದಿಸಿದ್ದು ಅವತ್ತೇ ಮೊದಲು.