ಪೀಪಾಯಿಯಲ್ಲಿ ನೆಟ್ಟ ಕ್ಯಾಮೆಲಿಯಾ

ಮೂಡಿಗೆರೆ ಕಡೆಯ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ಆಗ ನಾನು ಲೆಕ್ಕಪತ್ರ ಬರೆಯುವ ರೈಟರಾಗಿದ್ದೆ. ದೊರೆಸಾನಿ ಊಟಿಯಿಂದ ಕ್ಯಾಮೆಲಿಯಾ ಎಂಬ ಒಂದು ಹೂಮರ ತರಿಸಿದ್ದರು. ನನ್ನ ಎದೆಯೆತ್ತರ, ದಪ್ಪನೆಯ ಹೊಳೆಯುವ ಎಲೆ. ಅದು ಬಂಗಲೆಯ ಮುಂದಿನ ಕಲ್ಲುಹಾಸಿನ ಮೇಲೆಯೇ ಇರಬೇಕು ಎಂದರು. ಅಷ್ಟು ದೊಡ್ಡ ಕುಂಡ ಇರಲಿಲ್ಲ. ಸ್ಟೋರಿನ ಹಿಂದೆ ಬಿದ್ದಿದ್ದ ಒಂದು ಮರದ ಪೀಪಾಯಿಯನ್ನು ಬಡಗಿಯಿಂದ ಅರ್ಧಕ್ಕೆ ಕೊಯ್ಯಿಸಿ, ತಳಕ್ಕೆ ತೂತು ಹೊಡೆಸಿ ಬಂಗಲೆಯ ಮಾಲಿಗೆ ಕೊಟ್ಟವನು ನಾನು.

"ಇದ್ರಲ್ಲಿ ಏನಿತ್ತು ರೈಟ್ರೇ?" ಎಂದು ಅವನು ಕೇಳಿದ.

"ಏನಿದ್ರೇನು ಮಾರಾಯ, ಒಂದ್ಸಲ ತೊಳ್ದು ಮಣ್ಣು ಹಾಕು."

ಅವನು ಎರಡು ಸಲ ತೊಳೆದ. ನಾನು ನೋಡಿದ್ದೇನೆ.

ಮೂರು ತಿಂಗಳಿಗೆ ಹೊಸ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರು. ತುದಿಗಳು ಒಣಗತೊಡಗಿದವು. ತಿಂಗಳ ಕೊನೆಯೊಳಗೆ ಮರ ಚೇತರಿಸದಿದ್ದರೆ ಆಳುಗಳ ಲೈನಿನ ಮನೆ ಬಿಡಬೇಕೆಂದು ದೊರೆ ಮಾಲಿಗೆ ಹೇಳಿದರು. ಅವನಿಗೆ ಐವತ್ತು ದಾಟಿತ್ತು. ಹೆಂಡತಿ ಚಳಿಜ್ವರದಲ್ಲಿ ಮಲಗಿದ್ದಳು. ಹೋಗಲು ಬೇರೆ ಸೂರು ಇರಲಿಲ್ಲ.

ಆಫೀಸು ಮುಗಿಸಿ ನಾನೂ ಹೋಗಿ ನೋಡುತ್ತಿದ್ದೆ. ನೀರು ಹೆಚ್ಚಾಯಿತೇನೋ ಎಂದು ಮಾಲಿ ನಾಲ್ಕು ದಿನ ನಿಲ್ಲಿಸಿದ. ಬಿಸಿಲು ಹೆಚ್ಚೇನೋ ಎಂದು ನಾಲ್ಕು ಆಳು ಹಿಡಿದು ನೆರಳಿಗೆ ಸರಿಸಿದರು. ಎಲೆಯ ಅಡಿ ಹುಳ ಹುಡುಕಿದ, ಕಾಡಿನ ಎಲೆಗೊಬ್ಬರ ತಂದು ಹಾಕಿದ.

"ಪೇಟೆ ಹೆಣ್ಣು ಇದು ರೈಟ್ರೇ. ಎಷ್ಟು ಉಪಚಾರ ಮಾಡಿದ್ರೂ ಮುಖ ಊದಿಸ್ಕಂಡೇ ಕೂತದೆ" ಎಂದ. ಅವನೇ ನಕ್ಕ. ಆಮೇಲೆ ಅವನು ನಕ್ಕಿದ್ದು ನನಗೆ ನೆನಪಿಲ್ಲ.

ಕೊನೆಗೆ ಮರವನ್ನು ಬುಡಸಮೇತ ಹೊರಗೆ ತೆಗೆದೆವು. ಬೇರುಗಳು ಕಂದುಬಣ್ಣಕ್ಕೆ ತಿರುಗಿ, ಯಾರೋ ಕಚ್ಚಿ ತುಂಡರಿಸಿದಂತೆ ಮೊಂಡಾಗಿದ್ದವು. ಪೀಪಾಯಿಯ ಹಲಗೆಯ ಹತ್ತಿರಕ್ಕೆ ಒಂದು ಬೇರೂ ಹೋಗಿರಲಿಲ್ಲ. ಮಾಲಿ ಕತ್ತಿಯಿಂದ ಹಲಗೆ ಕೆರೆದ. ಒಳಗೆ ನೀಲಿ ಹಸಿರು. ಕಾಫಿ ಎಲೆಗೆ ಹೊಡೆಯುವ ಔಷಧಿಗೆ ಮೈಲುತುತ್ತ ಕರಗಿಸುತ್ತಿದ್ದ ಪೀಪಾಯಿ ಅದು. ಎಷ್ಟೋ ವರ್ಷದ ವಿಷ ಹಲಗೆಯೊಳಗೆ ಇಳಿದಿತ್ತು. ಪ್ರತಿ ವರ್ಷ ಸ್ಟೋರಿನಿಂದ ಮೈಲುತುತ್ತ ತೂಗಿ ಕೊಡುತ್ತಿದ್ದವನು ನಾನೇ.

"ಹಂಗಾದ್ರೆ ನಂದು ತಪ್ಪಿಲ್ಲ, ಅಲ್ದಾ? ದೊರೆಗೆ ನೀವೇ ಹೇಳಿ ರೈಟ್ರೇ. ನಿಮ್ಮ ಮಾತಾದ್ರೆ ಕೇಳ್ತಾರೆ."

ಹೋಗಿ ಹೇಳಿದೆ. ಪೀಪಾಯಿಯಲ್ಲಿ ಮೈಲುತುತ್ತ ಇತ್ತು, ಅದರಿಂದ ಬೇರು ಸುಟ್ಟಿದೆ ಎಂದೆ. ಅದರಲ್ಲಿ ಮರ ನೆಟ್ಟವರು ಯಾರು ಎಂದು ದೊರೆ ಕೇಳಿದರು.

"ಮಾಲಿ" ಎಂದೆ.

ಅದು ಸುಳ್ಳಲ್ಲ. ಪೀಪಾಯಿ ಕೊಟ್ಟವರು ಯಾರೆಂದು ಅವರು ಕೇಳಲಿಲ್ಲ, ನಾಳೆಯೇ ಅವನು ಮನೆ ಬಿಡಲಿ ಎಂದರು. ಅವರು ಪೈಪಿಗೆ ತಂಬಾಕು ತುಂಬಿ ಹೊತ್ತಿಸುವವರೆಗೂ ನಾನು ನಿಂತಿದ್ದೆ. ಹೇಳಲು ಅಷ್ಟು ಸಮಯ ಸಾಕಿತ್ತು. ಹೊರಗೆ ಬಂದೆ.

ಮರುದಿನ ಮಾಲಿ ದೊಡ್ಡ ಬಿದಿರು ಬುಟ್ಟಿಗೆ ಹೊಸ ಮಣ್ಣು ತುಂಬಿ ಮರವನ್ನು ಅದರಲ್ಲಿ ನೆಟ್ಟ. ಅದಾದ ಮೇಲೆ ಮನೆ ಖಾಲಿ ಮಾಡಿ ಆಫೀಸಿಗೆ ಬಂದ. ಅವನ ಹೆಂಡತಿ ಕಂಬಳಿ ಹೊದ್ದು ಹೊರಗೆ ಗಂಟಿನ ಮೇಲೆ ಕೂತಿದ್ದಳು.

"ಒಂದು ಚೀಟಿ ಬರ್ಕೊಡಿ ರೈಟ್ರೇ. ಆಲ್ದೂರು ಕಡೆ ಯಾವ್ದಾದ್ರೂ ತೋಟದಲ್ಲಿ ಕೇಳ್ತೀನಿ."

ಹಿಂದಿನ ತೋಟದಿಂದ ಒಳ್ಳೆಯವನೆಂಬ ಚೀಟಿ ಇಲ್ಲದ ಆಳಿಗೆ ಆಗ ಯಾರೂ ಲೈನಿನಲ್ಲಿ ಜಾಗ ಕೊಡುತ್ತಿರಲಿಲ್ಲ.

"ದೊರೆ ಹೇಳದೆ ಹೆಂಗೆ ಬರೀಲಿ ಮಾರಾಯ?"

"ಪೀಪಾಯಿದು ಹೇಳಿದ್ರಲ್ಲ ನೀವು?"

"ಹೇಳ್ದೆ."

"ಎಲ್ಲಾ ಹೇಳಿದ್ರಾ?"

ಕೈಯಲ್ಲಿ ಪೆನ್ನಿತ್ತು, ಮುಂದೆ ಕಾಗದವಿತ್ತು. "ಕೆಲ್ಸ ಇದೆ, ಹೋಗು" ಎಂದೆ.

ಅವನು ಹೊರಗೆ ಹೋದ. ಹೆಂಡತಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ರಸ್ತೆಯ ತಿರುವು ಮುಟ್ಟುವಷ್ಟರಲ್ಲಿ ಆಕೆ ಮೂರು ಸಲ ಕೂತಳು. ಕಿಟಕಿಯಿಂದ ನೋಡುತ್ತಲೇ ಇದ್ದೆ. ಕರೆಯಲಿಲ್ಲ.